ಡೋಣಿಯೊಳಗಿನ ಹುಣಸೆ

"ಅಂಗಳದಾಗಿನ ಹುಣಸಿಗಿ ನೀರು ಹಾಕ್ರಿ, ಎಲಿ ಚಿವುಟ್ರಿ, ಏನರ ಮಾಡ್ರಿ ಸಾಹೇಬ್ರ. ಬೇರಿಗಿ ಮಾತ್ರ ಕಬ್ಬಿಣ ಮುಟ್ಟಸಬ್ಯಾಡ್ರಿ. ಮುಟ್ಟಿಸಿದ್ರ ಅದು ಕೂಸನ್ನ ಕೇಳತದ."

ಮನೆಯೊಡತಿ ಅಮೃತಮ್ಮ ಇಷ್ಟು ಹೇಳಿ ಬಾಡಿಗೆ ಮನೆಯ ಕೀಲಿಕೈ ಕೊಟ್ಟಳು. ಅಂಬಾರಾಯ ಹೊಟ್ಟೆ ಹಿಡಿದುಕೊಂಡು ನಕ್ಕ. ಪುಣೆಯಲ್ಲಿ ಬೋನ್ಸಾಯ್ ವಿದ್ಯೆ ಕಲಿತು, ಶಹಾಬಾದಿನ ಸಿಮೆಂಟ್ ಕಾರ್ಖಾನೆಯ ಕಾಲೊನಿಗೆ ತೋಟದ ಮೇಲ್ವಿಚಾರಕನಾಗಿ ಬಂದ ಆಸಾಮಿ. ಇಂಥ ಮಾತಿಗೆ ನಗದೆ ಇರುತ್ತಾನೆಯೇ?

"ಗಿಡಕ್ಕ ಬೇಕಾಗಿದ್ದು ಗೊಬ್ಬರ ಯವ್ವಾ, ಕೂಸಲ್ಲ."

ಮುದುಕಿ ನಗಲಿಲ್ಲ. "ಈ ಮನಿ ಕುಡಿ ಬೆಳೀಬಾರದಂತ ದಾಯಾದಿಗಳು ಮಾಟ ಮಾಡಿಸ್ಯಾರ. ಕುಂಚಾವರಂ ಅಡವಿಯಿಂದ ಮಂತ್ರಗಾರ ಬಂದು ನೆಟ್ಟ ಗಿಡ ಅದ. ಕಿತ್ತು ಒಗೀಲಿಕ್ಕೂ ಅಂಜಿಕಿ. ನನ್ನ ಹೊಟ್ಟ್ಯಾಗ ಹುಟ್ಟಿದವು ಒಂದೂ ಆ ಗಿಡಕ್ಕಿಂತ ಎತ್ತರ ಆಗಲಿಲ್ಲ ನೋಡ್ರಿ."

ದನ ನೀರು ಕುಡಿಯುತ್ತಿದ್ದ ಹಳೆಯ ಕಲ್ಲುಡೋಣಿಯಲ್ಲಿ ಆ ಹುಣಸೆ ನಿಂತಿತ್ತು. ಎತ್ತರ ಸೊಂಟದಷ್ಟೂ ಇಲ್ಲ. ಕಾಂಡ ನೋಡಿದರೆ ಅಜ್ಜನ ಕಾಲದ ಮರ. ಅಂಬಾರಾಯನಿಗೆ ಬಾಯಲ್ಲಿ ನೀರೂರಿತು. ಆದರೆ ಬೇರು ಡೋಣಿಯ ತುಂಬ ಹೆಣೆದುಕೊಂಡು ಹಾಕಿದ ನೀರು ಮೇಲೆಯೇ ನಿಲ್ಲುತ್ತಿತ್ತು. ಎಲೆಯ ತುದಿ ಸುಡುತ್ತಿತ್ತು. ಎತ್ತಿ, ಬೇರು ಸವರಿ, ಹೊಸ ಮಣ್ಣು ಕೊಡದಿದ್ದರೆ ಮಳೆಗಾಲ ಕಾಣದು. ಹಳೆಯ ಬೋನ್ಸಾಯ್ ಸಾಕುವವರೆಲ್ಲ ಮಾಡುವ ಕೆಲಸವೇ ಅದು. ಮುದುಕಿಯ ಮಾತನ್ನು ಹೆಂಡತಿ ರತ್ನಾಬಾಯಿಯ ಕಿವಿಗೂ ಹಾಕದೆ ಅವನು ಮರೆತುಬಿಟ್ಟ. ಎಲ್ಲ ಕೆಟ್ಟಿದ್ದು ಅಲ್ಲಿಯೇ.

ಏಕೆಂದರೆ ಆ ವಾರ ಪುಟ್ಟ ಮಗಳು ಶಿವಕಾಂತಿಗೆ ಜ್ವರ ಬಂತು. ರತ್ನಾಬಾಯಿ ಸೇಡಂ ಕಡೆಯ ಹೆಣ್ಣು. ತವರಿನಲ್ಲಿ ಕಂಡಂತೆ ಮಗಳನ್ನು ಅಂಗಾಲಿನಿಂದ ನೆತ್ತಿಯವರೆಗೆ ನೂಲಿನಿಂದ ಅಳೆದಳು, ನೂಲಿಗೆ ಅರಿಶಿನ ಹಚ್ಚಿದಳು. ಅಳತೆಯ ನೂಲು ಹಸಿರು ಗಿಡಕ್ಕೆ ಕಟ್ಟಿದರೆ ಜ್ವರ ಗಿಡಕ್ಕೆ ಹೋಗುತ್ತದೆಂಬ ನಂಬಿಕೆ. ಹಾಸುಗಲ್ಲಿನ ಆ ಅಂಗಳದಲ್ಲಿ ಹಸಿರೆಂದರೆ ಹುಣಸೆ ಒಂದೇ. ಅದರ ಟೊಂಗೆಗೇ ಕಟ್ಟಿದಳು. ಪಾಪ, ಅವಳಿಗೇನು ಗೊತ್ತು?

ರವಿವಾರ ಮಧ್ಯಾಹ್ನ ಅಂಬಾರಾಯ ಗಿಡ ಎತ್ತಿದ. ಕತ್ತರಿ ಬೇರಿಗೆ ತಾಕಿದಾಗ ಎಳೆಯ ಎಲುಬು ಮುರಿದಂಥ ಸದ್ದು. ಗಾಯದ ಪಟ್ಟಿ ಬಿಚ್ಚಿದಾಗಿನ ವಾಸನೆ. ಅವನು ಮೂಗು ಮುಚ್ಚಿಕೊಂಡು ಕೆಲಸ ಮುಂದುವರಿಸಿದ. ಬಡಗಣ ದಿಕ್ಕಿನಿಂದ ಸಿಮೆಂಟಿನ ಧೂಳು ಹೊತ್ತ ಗಾಳಿ ಎದ್ದಿತು. ಹಾಡಹಗಲೇ ಅಂಗಳ ಕತ್ತಲಾಯಿತು.

ಹೊಸ ಮಣ್ಣಿಗಿಟ್ಟ ಗಿಡ ಅಲುಗಾಡಬಾರದು, ಡೋಣಿಗೆ ಬಿಗಿಯಬೇಕು. ಹುರಿ ಗಾಳಿಗೆ ಹಾರಿಹೋಗಿತ್ತು. ಕೈಗೆ ಸಿಕ್ಕಿದ್ದು ಟೊಂಗೆಗೆ ಕಟ್ಟಿದ್ದ ಅರಿಶಿನದ ನೂಲು. ಹೆಂಡತಿಯ ಹುಚ್ಚಾಟಕ್ಕೆ ನಕ್ಕು, ಅದನ್ನೇ ಬಿಚ್ಚಿ ಕಾಂಡಕ್ಕೆ ಸುತ್ತಿದ. ಎಳೆದ. ಗಂಟು ಹಾಕಿದ.

ಒಳಗೆ ಮಗಳು ಚೀರಿದಳು.

ಓಡಿದ. ಶಿವಕಾಂತಿ ನೆಲದಲ್ಲಿ ಹೊರಳುತ್ತಿದ್ದಳು. ಸೊಂಟದ ಸುತ್ತ ಗೆರೆ. ನೂಲಿನಷ್ಟು ಸಣ್ಣದು. ಕೆಂಪಗೆ. ಒಳಕ್ಕೆ ಇಳಿಯುತ್ತಿತ್ತು. ಮರಳಿ ಅಂಗಳಕ್ಕೆ ಹಾರಿದ. ಕಣ್ಣಿಗೆ ಧೂಳು. ಕೈಗೆ ಗಂಟು ಸಿಗಲಿಲ್ಲ. ನೂಲು ತೊಗಟೆಯೊಳಗೆ ಮುಳುಗಿತ್ತು. ತೊಗಟೆ ಬೆಚ್ಚಗಿತ್ತು. ಕತ್ತರಿ ತುರುಕಿದ. ಒಳಗೆ ಚೀರಾಟ ನಿಂತಿತು.

"ಬಿಡ್ರೀ! ಕೂಸಿನ ಉಸಿರು ನಿಂತದ! ಏನು ಮಾಡ್ಲಿಕತ್ತೀರಿ, ಬಿಡ್ರೀ!" ರತ್ನಾಬಾಯಿ ಬಾಯಿ ಬಡಿದುಕೊಂಡಳು.

ಕತ್ತರಿ ಬಿಟ್ಟ. ಮಗು ಉಸಿರೆಳೆದುಕೊಂಡಿತು.

ಕೂಗು ಕೇಳಿ ಅಮೃತಮ್ಮ ಬಂದಳು. ಅಂಗಳದ ಬಾಗಿಲು ದಾಟಲಿಲ್ಲ. ಗಿಡ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು.

"ಕೂಸಿನ ಅಳತಿ ಗಿಡಕ್ಕ ಕೊಟ್ಟುಬಿಟ್ಟೀರಿ. ಇನ್ನ ಗಿಡ ಒಣಗಿದ್ರ ಆಕಿ ಉಳಿಯಂಗಿಲ್ಲ. ಬೆಳದ್ರ ನೂಲು ಆಕೀನ ಕೊಯ್ತದ. ಹಿಂಗೇ ಇಡ್ರಿ ಸಾಹೇಬ್ರ. ಹೆಂಗದನೋ ಹಂಗೇ."

ಹಾಗೆಯೇ ಇಟ್ಟ. ದೊಡ್ಡ ಹುದ್ದೆ ಕರೆದರೂ ಊರು ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ನೀರು, ಬಿಸಿಲು, ನೆರಳು. ಅಂಥ ಹುಣಸೆ ಈ ಸೀಮೆಯಲ್ಲೇ ಇಲ್ಲವೆಂದು ನೋಡಿದವರು ಹೊಗಳುತ್ತಿದ್ದರು. ಹೊಗಳಿಕೆ ಕೇಳಿದಾಗಲೆಲ್ಲ ರತ್ನಾಬಾಯಿ ಎದ್ದು ಒಳಗೆ ಹೋಗುತ್ತಿದ್ದಳು.

ಶಿವಕಾಂತಿಯ ಓರಗೆಯವರು ಸೀರೆ ಉಟ್ಟರು. ಒಬ್ಬೊಬ್ಬರಾಗಿ ಮದುವೆಯಾಗಿ ವಾಡಿಗೆ, ಚಿತ್ತಾಪುರಕ್ಕೆ ಹೋದರು. ಇವಳಿಗೆ ಅದೇ ಪುಟ್ಟ ಅಂಗಿ ಹರಿದಷ್ಟು ಸಲ ಹೊಸದಾಗಿ ಹೊಲಿಯಬೇಕಾಗಿತ್ತು. ಮುಖ ಮಗುವಿನದು, ಕಣ್ಣು ಮಾತ್ರ ಹರೆಯದ ಹೆಣ್ಣಿನವು.

ಒಂದು ಮುಂಜಾನೆ ಹುಣಸೆ ಚಿಗುರಿತ್ತು. ಶಿವಕಾಂತಿ ಡೋಣಿಯ ಪಕ್ಕ ಬಂದು ಸೊಂಟ ಹಿಡಿದುಕೊಂಡು ನಿಂತಳು. ನೋವಿನಲ್ಲೂ ಅವಳ ಮುಖ ಅರಳಿತ್ತು.

"ಅಪ್ಪಾ, ಎಲುಬೆಲ್ಲ ಭಾಳ ಎಳೀಲಿಕತ್ತಾವ. ಈ ವರ್ಷರ ನಾ ದೊಡ್ಡಾಕಿ ಆಗ್ತೀನೇನು?"

"ಆಗ್ತಿ, ಮಗಳ," ಎಂದ ಅಂಬಾರಾಯ. ಅವಳ ಕಡೆ ನೋಡದೆ ಚಿಗುರನ್ನು ಒಂದೊಂದಾಗಿ ಚಿವುಟಿ ಹಾಕಿದ.