ಒಂಬತ್ತು ಸೀಸದ ತುಂಡುಗಳು

ದೇವರು ಮೆಚ್ಚುವಂತೆ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಪ್ಲಾಸ್ಟಿಕ್ಕಿನ ಆಟಿಕೆ ಜಲಾಂತರ್ಗಾಮಿಯೊಂದನ್ನು ರಿಮೋಟಿನಿಂದ ಮುಳುಗಿಸಿ ಏಳಿಸುವುದು ನನ್ನ ಹೆಂಡತಿಯ ಕೊನೆಯ ಹುಚ್ಚು. "ಮುಳುಗೋದು ಕಲ್ಲಿಗೂ ಬರುತ್ತೆ ಕಣ್ರೀ, ಇದಕ್ಕೆ ಎದ್ದು ಬರೋದನ್ನ ಕಲಿಸ್ಬೇಕು" ಎನ್ನುತ್ತಿದ್ದಳು. ತೂಕಕ್ಕೆಂದು ಒಳಗೆ ಒಂಬತ್ತು ಸೀಸದ ತುಂಡುಗಳನ್ನು ಅಂಟಿಸಿ, ಮುಳುಗಿಸಿ ಏಳಿಸುವ ಪಂಪು ಜೋಡಿಸುವ ಮೊದಲೇ ತೀರಿಕೊಂಡಳು.

ಉಳಿದ ಕೆಲಸವನ್ನು ನಾನೇ ಮುಗಿಸಿ ಸ್ನಾನದ ತೊಟ್ಟಿಯಲ್ಲಿ ಬಿಟ್ಟೆ. ಮುಳುಗಿತು, ಏಳಲಿಲ್ಲ. ಕೈಹಾಕಿದರೆ ನೀರು ತಣ್ಣಗಿತ್ತು. ಅದು ಮಾತ್ರ ಅಂಗೈಯಂತೆ ಬೆಚ್ಚಗಿತ್ತು.

"ಒಳಗೆ ನೀರು ನುಗ್ಗಿರುತ್ತೆ ಭಾವ" ಎಂದ, ರೇಡಿಯೋ ರಿಪೇರಿ ಮಾಡುವ ನನ್ನ ಭಾವಮೈದುನ. ಬಿಚ್ಚಿದರೆ ಒಂದು ಹನಿಯೂ ಇಲ್ಲ. "ಹಾಗಾದ್ರೆ ಅಕ್ಕ ತೂಕ ಜಾಸ್ತಿ ಮಾಡಿದಾಳೆ, ಸಾರಿಗೆ ಉಪ್ಪು ಹಾಕಿದ ಹಾಗೆ!"

ದಿನಕ್ಕೊಂದು ತುಂಡು ತೆಗೆಯುತ್ತ ಬಂದೆ. ದಿನವೂ ಮುಳುಗಿತು, ದಿನವೂ ಬೆಚ್ಚಗಿತ್ತು. ಈ ಮಧ್ಯಾಹ್ನ ಒಂಬತ್ತನೆಯದನ್ನೂ, ಪಂಪನ್ನೂ ಬ್ಯಾಟರಿಗಳನ್ನೂ ತೆಗೆದು, ಗಾಳಿ ತುಂಬಿದ ಬರಿಯ ಚಿಪ್ಪನ್ನು ಮುಚ್ಚಿ ನೀರಿಗಿಟ್ಟೆವು. ಕೈಯಲ್ಲಿ ಖಾಲಿ ಬೆಂಕಿಪೊಟ್ಟಣದಷ್ಟು ಹಗುರವಿದ್ದದ್ದು ಮೆಲ್ಲಗೆ ತಳ ಸೇರಿತು. ಭಾವಮೈದುನ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

"ಸಾಕು, ಎದ್ದು ಬಾರೇ" ಎಂದು ಕರೆದೆ. ಏಳಲಿಲ್ಲ.

ಒಂಬತ್ತು ತುಂಡುಗಳೂ ಈ ಮೇಜಿನ ಮೇಲೆಯೇ ಇವೆ. ತೊಟ್ಟಿಯ ನೀರೆಲ್ಲ ಈಗ ಬೆಚ್ಚಗಿದೆ.