ಪೆಡಲ್ ತುಳಿಯದ ಒಪ್ಪಿಗೆ

ಮಾತು ನಿಂತವರ ಪರವಾಗಿ, ಅವರನ್ನು ಕೇಳದೆಯೇ, ನೀವು ಎಷ್ಟು ಸಲ "ಹೌದು" ಎಂದಿದ್ದೀರಿ?

ವೈದ್ಯರು ಓಡಿಬಂದು ಬಾಗಿಲು ತಳ್ಳುವಷ್ಟರಲ್ಲಿ ಟೈಲರಮ್ಮನ ಪ್ರಾಣ ಹೋಗಿತ್ತು. ಆರು ವರ್ಷಗಳಿಂದ ರೆಪ್ಪೆಯ ಹೊರತು ಏನೂ ಆಡದ ದೇಹ ಅದು. ಉಸಿರಿನ ಯಂತ್ರ ನಿಂತಿತ್ತು. ಆಕೆಯ ಯೋಚನೆಗಳನ್ನು ಅಕ್ಷರವಾಗಿ ತೋರಿಸುತ್ತಿದ್ದ ಪರದೆ ಕಪ್ಪಾಗಿತ್ತು. ವೈದ್ಯರ ಫೋನಿಗೆ ಮಾತ್ರ ಆಕೆಯ ಹೆಸರಿನಲ್ಲಿ ಒಂದು ವಾಕ್ಯ ಬಂದಿತ್ತು: "ನನಗೆ ಸಾಕಾಗಿದೆ. ಉಸಿರಿನ ಯಂತ್ರ ನಿಲ್ಲಿಸಿ."

"ಅವಳೇ ಕೇಳಿದ್ಲು ಮೇಡಂ," ಎಂದಳು ಟೈಲರಮ್ಮನ ಅಕ್ಕ. "ನಿಲ್ಲಿಸ್ದೆ. ಆಗಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಇನ್ಸ್‌ಪೆಕ್ಟರ್ ಮೇಡಂ ಆ ಹೆಂಗಸಿನ ಒರಟು ಕೈಗಳನ್ನು ನೋಡಿದರು. ತಂಗಿಯನ್ನು ಮಗ್ಗುಲು ಹೊರಳಿಸಿ, ತೊಳೆದು, ಒರೆಸಿ ಸವೆದ ಕೈಗಳು. ಅನುಮಾನ ಯೋಚನೆ ಓದುವ ಯಂತ್ರದ ಕಡೆ ಹೊರಳಿತು.

*

"ನಿನ್ನೆ ಬಂದು ಏನು ಕೆಡಿಸಿದ್ರಿ?"

"ಬರೀ ತಪಾಸಣೆ ಮೇಡಂ," ಎಂದ ಆ ಯಂತ್ರ ಕೂರಿಸಿದ್ದ ತಂತ್ರಜ್ಞ, ಹರಿದ ಕಾಲರ್ ಮುಟ್ಟಿಕೊಂಡು. "ಟೈಲರಮ್ಮ ನನ್ನನ್ನೇ ಬೈದ್ರು. 'ತಲೆಯೊಳಗೆ ತಂತಿ ಕೂರಿಸ್ತೀಯ, ಕಾಲರ್ ಹೊಲ್ಕೊಳ್ಳೋಕೆ ಬರಲ್ವಾ?' ಅಂತ. ಅಷ್ಟು ಬರೆಯೋಕೆ ಒಂಬತ್ತು ನಿಮಿಷ. ಕಾದು ಕೂತು ನಕ್ಕೆ."

"ಒಂದೊಂದೇ ಅಕ್ಷರ ಆರಿಸ್ಬೇಕಾ?"

"ಹೂಂ. ಕೊನೆಗೆ ಹೊಲಿಗೆ ಯಂತ್ರದ ಪೆಡಲ್ ತುಳಿದ ಹಾಗೆ ನೆನೆಸ್ಕೋಬೇಕು. ಕಾಲು ಆಡ್ದಿದ್ರೂ ಮಿದುಳು ತುಳಿಯುತ್ತೆ. ಅವರ 'ಹೌದು' ಅಂದ್ರೆ ಅದೇ."

ಇನ್ಸ್‌ಪೆಕ್ಟರ್ ಯಂತ್ರದ ಪೆಟ್ಟಿಗೆಯ ದಾಖಲೆ ತೆರೆಸಿದರು. ವೈದ್ಯರಿಗೆ ಹೋದ ವಾಕ್ಯದಲ್ಲಿ ಪೆಡಲ್ಲಿನ ಗುರುತೇ ಇರಲಿಲ್ಲ.

"ಮತ್ತೆ ಒಪ್ಪಿಗೆ ಎಲ್ಲಿಂದ ಬಂತು?"

ಅವನು ಮಂಚದ ಪಕ್ಕದ ಸಣ್ಣ ಗುಂಡಿಯನ್ನು ತೋರಿಸಿದ. "ಕಲಿಸೋ ದಿನಗಳಲ್ಲಿ ಅವರ ಬದಲು ನಾವು ಒತ್ತೋಕೆ ಇಟ್ಟಿದ್ದು. ತೆಗೀಬೇಕಿತ್ತು. 'ಇರ್ಲಿ ಬಿಡಪ್ಪ, ಅವಳಿಗೆ ಸುಸ್ತಾಗುತ್ತೆ' ಅಂದ್ರು ಅಕ್ಕ."

"ನೀವೂ ಬಿಟ್ರಿ."

ಅವನು ತಲೆ ತಗ್ಗಿಸಿದ.

*

"ವಾಕ್ಯ ಒಂದೊಂದೇ ಅಕ್ಷರವಾಗಿ ಬಂದಿಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್. "ಪೆಟ್ಟಿಗೆಗೆ ಜೋಡಿಸಿದ ಕೀಬೋರ್ಡಿನಿಂದ ಒಂದೇ ಉಸಿರಿಗೆ ಬಂದಿದೆ. ಮನೇಲಿದ್ದವರು ನೀವಿಬ್ಬರೇ. ಅವರ ಬೆರಳು ಆಡಲ್ಲ. ಟೈಪ್ ಮಾಡಿದ್ದೂ ನೀವು, ಗುಂಡಿ ಒತ್ತಿದ್ದೂ ನೀವು."

ಅಕ್ಕ ಸುಳ್ಳು ಹೇಳಲಿಲ್ಲ. "ಯಂತ್ರ ಬರೋಕೆ ಮುಂಚೆ ಐದು ವರ್ಷ ಅವಳ ಬಾಯಿ ನಾನೇ. ಬಾಯಾರಿಕೆ, ನೋವು, ಎಲ್ಲಾ ನಾನೇ ಹೇಳ್ತಿದ್ದೆ. ಅವಳ ಮನಸ್ಸು ನನಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಪರದೆಯ ವೈರ್ ಯಾಕೆ ಕಿತ್ರಿ?"

ಅಕ್ಕ ಮುಖ ಆಚೆ ತಿರುಗಿಸಿದಳು.

"ಪರದೆ ಕಪ್ಪಾದ್ಮೇಲೂ ಪೆಟ್ಟಿಗೆ ಬರ್ಕೊಳ್ತಾನೇ ಇತ್ತು." ಇನ್ಸ್‌ಪೆಕ್ಟರ್ ಕಾಗದವನ್ನು ಅವಳ ಮುಂದಿಟ್ಟರು.

ಅದರಲ್ಲಿ ಇದ್ದದ್ದು ಎರಡೇ ಪದ: "ಅಕ್ಕ, ಬೇಡ." ಕೆಳಗೆ ಪೆಡಲ್ ತುಳಿದ ಗುರುತು. ಮತ್ತೊಂದು. ಮತ್ತೊಂದು. ಸಾಲು ಕಾಗದದ ತುದಿಯವರೆಗೂ ಹೋಗಿ, ಅಲ್ಲಿ ನಿಂತಿತ್ತು.

ಅಕ್ಕ ಆ ಗುರುತುಗಳ ಮೇಲೆ ಬೆರಳಾಡಿಸಿದಳು. "ಬೇಡ ಅಂತ ಇಷ್ಟು ವೇಗವಾಗಿ ತುಳೀತಿದ್ಲಲ್ಲ," ಎಂದಳು. ಇನ್ಸ್‌ಪೆಕ್ಟರ್ ಅವಳನ್ನು ಬಂಧಿಸಿದರು. ಜೀಪಿನವರೆಗೂ ತೋಳು ಹಿಡಿದೇ ನಡೆಸಿದರು.

ಮೂಕವಾದ ಮನಸ್ಸಿಗೆ ವಿಜ್ಞಾನ ಬಾಯಿ ಕೊಟ್ಟಿತು. ನಾವು ಅದರ ಮೇಲೆ ಕೈಯಿಟ್ಟೆವು. ಪ್ರೀತಿಯಿಂದಲೇ ಇಟ್ಟ ಕೈಯಾದರೂ ಅದು ಅಪರಾಧವೇ. ನಿಮ್ಮ ಮನೆಯಲ್ಲಿ ಇಂಥ ಯಂತ್ರವಿದ್ದರೆ, ಇಂದೇ ಆ ಗುಂಡಿಯನ್ನು ಕಿತ್ತುಹಾಕಿ. ಯಂತ್ರವಿಲ್ಲದಿದ್ದರೂ, ಮಾತು ನಿಂತವರ ಪಕ್ಕ ಕುಳಿತು, ದಯವಿಟ್ಟು, ಒಂಬತ್ತು ನಿಮಿಷ ಕಾಯಿರಿ.