ಹಿಂದಲ ಮನೆಯ ಹೊಸಲು

"ಮುಂದಲ ಮೂರು ಮನೆ ಏಟು ಬೇಕಾದ್ರೂ ನೋಡ್ಕೊ ಆಚಾರಪ್ಪ. ಹಿಂದಲ ಮನೆ ಹೊಸಲ ಮೊಳೆ ಮಾತ್ರ ಮುಟ್ಬ್ಯಾಡ," ಅಂದಳು ವಠಾರ ಮಾರಲು ಹೊರಟಿದ್ದ ದೊಡ್ಡತಾಯಮ್ಮ. "ನನ್ ಸವತೀನ ಕಟ್ಟಾಕಿರೋ ಮೊಳೆ ಅವು."

ಚಂದ್ರಶೇಖರಾಚಾರಿ ನಕ್ಕುಬಿಟ್ಟ. "ಸವತೀನ ಕಟ್ಟಾಕೋಕೆ ಹಗ್ಗ ಸಾಲ್ದೇ ಹೋಯ್ತಾ ಅವ್ವಾ?"

ಮುದುಕಿ ನಗಲಿಲ್ಲ. "ನಂಗೆ ಮಕ್ಳಿಲ್ಲ ಅಂತ ನನ್ ಗಂಡ ಅವಳ್ನ ತಂದ. ಬಂದ ವರ್ಸಕ್ಕೇ ಬಸ್ರಾದ್ಲು. ನಾನು ಮಂತ್ರವಾದೀನ ಕರ್ಸಿ ಮಾಟ ಮಾಡ್ಸಿದೆ. ಕೂಸು ಈಚೆಗೆ ಬರ್ಲಿಲ್ಲ, ಅವಳೂ ಉಳೀಲಿಲ್ಲ. ಸತ್ ಮೇಲೂ ಮನೆ ಬುಟ್ಟು ಹೋಗ್ಲಿಲ್ಲ. ಅದ್ಕೇ ಬಾಗ್ಲು ಹೊಸಲು ಸೇರ್ಸಿ ಮೊಳೆ ಹೊಡ್ಸಿವ್ನಿ." ಹಾಲಿನ ಲೆಕ್ಕ ಹೇಳುವಷ್ಟೇ ತಣ್ಣಗೆ ಹೇಳಿದಳು. ಆಮೇಲೆ ಆಚಾರಿಯ ಹೆಂಡತಿ ಪವಿತ್ರಳ ಹೊಟ್ಟೆ ಕಡೆ ನೋಡಿ ಮುಖ ತಿರುಗಿಸಿಕೊಂಡಳು. "ನೀನಿಲ್ಲಿ ನಿಲ್ಬ್ಯಾಡ ಮಗಾ. ನಿಮಿಷಾಂಬನ ಗುಡೀಗೋಗಿ ಕೈ ಮುಗ್ಕೊಂಡು ಬಾ."

ಪವಿತ್ರಳಿಗೆ ಏಳು ತಿಂಗಳು. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಇದೊಂದು ನಿಂತಿದೆ ಅನ್ನುವ ಧೈರ್ಯದ ಮೇಲೇ ಆಚಾರಿ ಪಾಂಡವಪುರದಿಂದ ಗಂಜಾಂಗೆ ಬಂದು ಈ ವಠಾರ ಕೊಳ್ಳಲು ನೋಡುತ್ತಿದ್ದದ್ದು. ಬಾಡಿಗೆ ಶೆಡ್ಡಿನಲ್ಲಿ ಊರವರ ಬಾಗಿಲು ಕಿಟಕಿ ಮಾಡಿ ಮಾಡಿ ಅವನ ಅಂಗೈ ಕಾಯಿಕಟ್ಟಿತ್ತು. ಹುಟ್ಟುವ ಕೂಸು ಗರಗಸ ಹಿಡಿಯಬಾರದು, ಬಾಡಿಗೆ ದುಡ್ಡಲ್ಲಿ ಓದಿ ದೊಡ್ಡವನಾಗಬೇಕು. ಅಷ್ಟೇ ಅವನ ಆಸೆ. ತಪ್ಪೇನಿಲ್ಲ ಬಿಡಿ, ಯಾರಿಗಿಲ್ಲ ಹೇಳಿ.

ಪವಿತ್ರ ಗುಡಿಯ ಕಡೆ ಹೋದಳು. ಆಚಾರಿ ವಠಾರವನ್ನು ಇಂಚಿಂಚೂ ಜಾಲಾಡಿದ. ಗೋಡೆಗೆ ಬೆರಳ ಗಂಟಿನಿಂದ ಬಡಿದು ಕಿವಿ ಕೊಟ್ಟ. ಜಂತೆಗೆ ಉಳಿ ಚುಚ್ಚಿ ಗೆದ್ದಲು ಹುಡುಕಿದ. ಬಾವಿ ನೀರು ಸೇದಿ ಬಾಯಿಗೆ ಬಿಟ್ಟುಕೊಂಡ. ಮೊದಲನೇ ಮನೆಯ ಬಾಡಿಗೆದಾರಳು ಮಂಗಳಮ್ಮನನ್ನು ಕರೆದು, ಬೇಸಿಗೆಯಲ್ಲಿ ಬಾವಿ ಬತ್ತುತ್ತದಾ, ಮಳೆಗಾಲದಲ್ಲಿ ಹೆಂಚು ಸೋರುತ್ತದಾ ಎಂದು ಪೊಲೀಸಿನವನ ಹಾಗೆ ವಿಚಾರಿಸಿದ. ಎಲ್ಲಾ ಚೆನ್ನಾಗಿತ್ತು. ಆದರೆ ಮೂರು ಮನೆ ಬಾಡಿಗೆ ಬ್ಯಾಂಕ್ ಸಾಲದ ಕಂತಿಗೇ ಸರಿಹೋಗುತ್ತಿತ್ತು. ಲಾಭ ಅಂತ ಕೈಗೆ ಹತ್ತಬೇಕಾದರೆ ಹಿಂದಲ ಮನೆಗೂ ಒಂದು ಸಂಸಾರ ಬರಬೇಕು.

"ಹಿಂದಲ ಮನೇಲಿ ಏನೈತೆ ಮಂಗಳಮ್ಮ?"

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. "ನಮ್ಮನ್ನ ಕೇಳ್ಬ್ಯಾಡಿ ಅಣ್ಣ. ನಾವು ಆ ಕಡೆ ಬಟ್ಟೇನೂ ಒಣಾಕಕಿಲ್ಲ."

ಗೋಡೆ ಬಿರುಕು ಬಿಟ್ಟಿರಬೇಕು, ಆಚಾರಿ ಮನಸ್ಸಿನಲ್ಲೇ ಅಂದುಕೊಂಡ. ಹುಳುಕು ಮುಚ್ಚೋಕೆ ಮುದುಕಿ ದೆವ್ವದ ಕತೆ ಕಟ್ಟವಳೆ. ನನ್ನ ಕಿವಿಗೇ ಹೂವಾ?

ಸಂಜೆಯಾಗುತ್ತಿತ್ತು. ದೊಡ್ಡತಾಯಮ್ಮ ಕಾಫಿ ಕಾಯಿಸಲು ಒಳಗೆ ಹೋದದ್ದೇ ತಡ, ಅವನು ಚೀಲದಿಂದ ಸುತ್ತಿಗೆ ತೆಗೆದುಕೊಂಡು ಹಿತ್ತಲ ಕಡೆ ನಡೆದ.

ಹೊಸಲು ನೋಡಿ ಅವನ ಹೊಟ್ಟೆ ಉರಿದುಹೋಯಿತು. ಅಪ್ಪಟ ಹೊನ್ನೆ ಮರ. ಮೈತುಂಬ ಕೆತ್ತನೆ. ಅಂಥ ಹೊಸಲಿಗೆ ಬಾಗಿಲ ಅಡಿಯಿಂದ ಓರೆಯಾಗಿ, ಹೆಬ್ಬೆರಳ ಗಾತ್ರದ ಕಬ್ಬಿಣದ ಮೊಳೆಗಳು! ಸುತ್ತ ಕರೆಗಟ್ಟಿದ ಕುಂಕುಮ, ಕೂದಲು ಸುತ್ತಿದ ದಾರ. "ಯಾವ ಬಡ್ಡೀಮಗ ಹೊಡೆದ್ನೋ," ಅಂತ ಬೈದುಕೊಂಡೇ ಸುತ್ತಿಗೆಯ ಕೊಕ್ಕೆಗೆ ಮೊಳೆ ಸಿಕ್ಕಿಸಿ ಮೀಟಿದ. ಬೇರೆ ಯಾರೇ ಆಗಿದ್ದರೂ ಬಾಗಿಲು ತೆರೆಯುವುದಿಲ್ಲ ಅಂತ ಬಿಟ್ಟು ಹೋಗುತ್ತಿದ್ದರು. ಮರಗೆಲಸದವನ ಕೈ ಸುಮ್ಮನಿರುತ್ತದೆಯೇ? ಒಂದೊಂದೇ ಮೊಳೆ ಕಿರುಗುಟ್ಟುತ್ತಾ ಮೇಲೆದ್ದಿತು.

ಬಾಗಿಲು ತಾನಾಗೇ ತೆರೆಯಿತು.

ಒಳಗೆ ಕತ್ತಲು. ಟಾರ್ಚು ಹಾಕಿದ. ಗೋಡೆ ಗಟ್ಟಿ. ನೆಲ ಗಟ್ಟಿ. ತೊಲೆಗಳನ್ನು ಒಂದು ಹುಳುವೂ ಮುಟ್ಟಿರಲಿಲ್ಲ. ಅಯ್ಯೋ, ಇಡೀ ವಠಾರದಲ್ಲಿ ಇದೇ ಚೆಂದದ ಮನೆ! ಎಷ್ಟು ಬಾಡಿಗೆ ಹೇಳಬಹುದು ಎಂದು ಲೆಕ್ಕ ಹಾಕುತ್ತಾ ನಡುಮನೆಗೆ ಕಾಲಿಟ್ಟ.

ಆಗ ಮೂಗಿಗೆ ವಾಸನೆ ಬಡಿಯಿತು. ಸಾಂಬ್ರಾಣಿ ಹೊಗೆ. ಹರಳೆಣ್ಣೆ. ಬೆಳ್ಳುಳ್ಳಿ ಸುಟ್ಟ ಘಾಟು. ಬಾಣಂತಿ ಕೋಣೆಯ ವಾಸನೆ. ಅದರ ಅಡಿಯಲ್ಲಿ ಹಸಿ ರಕ್ತದ ಕಮಟು. ವರ್ಷಗಟ್ಟಲೆ ಮುಚ್ಚಿದ್ದ ಮನೆಯಲ್ಲಿ ಇದೆಲ್ಲಿಂದ ಬಂತು? ಬಾವಿ ರಾಟೆಯ ಸದ್ದು, ದೂರದ ಹೆದ್ದಾರಿಯ ಲಾರಿ ಸದ್ದು, ಎಲ್ಲಾ ಒಮ್ಮೆಗೇ ನಿಂತುಹೋದವು. ತೊಲೆಯಿಂದ ಇಳಿಬಿದ್ದ ತೊಟ್ಟಿಲ ಸರಪಳಿ ಮಾತ್ರ ತೂಗುತ್ತಿತ್ತು. ತೊಟ್ಟಿಲು ಇರಲಿಲ್ಲ.

ಟಾರ್ಚು ಆರಿತು.

ಕುತ್ತಿಗೆಯ ಹಿಂದೆ ಒದ್ದೆ ಉಸಿರು. ಕಿವಿಯ ಹತ್ತಿರ ಹೆಂಗಸಿನ ದನಿ, ಬಲು ಅಕ್ಕರೆಯಿಂದ.

"ನಿನ್ ಹೆಂಡ್ರಿಗೆ ಎಷ್ಟು ತಿಂಗ್ಳು?"

ಆಚಾರಿ ತಿರುಗಿ ನೋಡಲಿಲ್ಲ. ಓಡಿದ. ಗೋಡೆಗೆ ಬಡಿದುಕೊಂಡ. ಬಾಗಿಲು ಎಲ್ಲಿ? ಎಡವಿ ಬಿದ್ದ. ಅಂಗೈಗೆ ಏನೋ ಜಿಗುಟು ಅಂಟಿತು. ಹಿಂದೆ ಕಾಲೆಳೆದುಕೊಂಡು ಬರುವ ಸದ್ದು. ಭಾರವಾದ ಮೈ. ದಿನ ತುಂಬಿದ ಮೈ. ತೆವಳಿದ. ಬೆಳಕು ಕಂಡಿತು. ಹೊಸಲು ದಾಟಿ ಹೊರಗೆ ಬಿದ್ದ. ಬಾಗಿಲು ಎಳೆದ. ಒಳಗಿನಿಂದ ಯಾರೋ ಎಳೆದರು. ಇವನೂ ಎಳೆದ. ಹೊಸಲಿಗೆ ಕಾಲು ಕೊಟ್ಟು ಬಿಗಿ ಹಿಡಿದ. ಮೊಳೆ! ಮೊಳೆ ಎಲ್ಲಿ? ಸಿಕ್ಕಿತು. ಹೊಡೆದ. ಬೆರಳಿಗೆ ಹೊಡೆದುಕೊಂಡ. ಮತ್ತೆ ಹೊಡೆದ. ಬಾಗಿಲು ಅದುರುತ್ತಿತ್ತು. ಇನ್ನೊಂದು ಮೊಳೆ. ಇನ್ನೊಂದು. ಹೊಡೆದ, ಹೊಡೆದ, ಹೊಡೆದ.

ಕೊನೆಯ ಮೊಳೆ ಇಳಿದಾಗ ಒಳಗಿನ ಎಳೆತ ನಿಂತಿತು. ಆಚಾರಿ ಅಲ್ಲೇ ಕುಸಿದ. ಬದುಕಿದೆ ಅನ್ನಿಸಿತು. ಅತ್ತುಬಿಟ್ಟ.

ದೊಡ್ಡತಾಯಮ್ಮ ಲಾಟೀನು ಹಿಡಿದು ಓಡಿ ಬಂದಳು. ಹೊಸಲು ನೋಡಿದಳು. ಅವನ ಕೈಲಿದ್ದ ಸುತ್ತಿಗೆ ನೋಡಿದಳು.

"ಯಾರು ಹೊಡುದ್ರು ಮೊಳೆಯ?"

"ನಾನೇ ಅವ್ವಾ. ಮತ್ತೆ ಕಟ್ಟಾಕ್ದೆ."

"ಅಯ್ಯೋ ನಿನ್ ಮನೆ ಹಾಳಾಗ!" ಮುದುಕಿ ಹಣೆ ಚಚ್ಚಿಕೊಂಡಳು. "ಹೆಂಡ್ರು ಬಸ್ರಿ ಇರೋನು ಹೊಸಲಿಗೆ ಮೊಳೆ ಹೊಡೀತಾನೇನ್ಲಾ? ಆಚಾರಿ ಹೊಟ್ಟೇಲಿ ಹುಟ್ಟಿ ಅಷ್ಟೂ ತಿಳೀದಾ?"

ತಿಳಿಯದೆ ಏನು? ಹೆಂಡತಿ ಬಸುರಿಯಾಗಿದ್ದಾಗ ಅವನ ಅಪ್ಪ ಯಾರ ಮನೆಗೂ ಹೊಸಲು ಕೂರಿಸುತ್ತಿರಲಿಲ್ಲ. ಹೊಸಲು ಬಿಗಿದರೆ ಬಸಿರು ಬಿಗಿಯುತ್ತದೆ ಅಂತ ಉಳಿಯನ್ನು ತಮ್ಮನ ಕೈಗೆ ಕೊಟ್ಟು ಮನೆಯಲ್ಲಿ ಕೂರುತ್ತಿದ್ದ. ಈ ತಿಂಗಳುಗಳಲ್ಲಿ ಇವನೂ ಮಂಚ, ಕುರ್ಚಿ ಬಿಟ್ಟು ಬೇರೆ ಕೆಲಸ ಹಿಡಿದಿರಲಿಲ್ಲ. ಹೆದರಿಕೆಯಲ್ಲಿ ಯಾವುದೂ ನೆನಪಾಗಲಿಲ್ಲ, ಅಷ್ಟೇ.

"ರೀ..."

ಪವಿತ್ರ ಹಿತ್ತಲ ಅಂಚಿನಲ್ಲಿ ನಿಂತಿದ್ದಳು. ಹಣೆಯಲ್ಲಿ ನಿಮಿಷಾಂಬನ ಕುಂಕುಮ. ಎರಡೂ ಕೈ ಹೊಟ್ಟೆಯ ಮೇಲೆ.

"ದಾರೀಲಿ ಬತ್ತಾ ಇದ್ದಂಗೇ ಅಲ್ಲಾಡೋದು ನಿಂತೋಯ್ತು ಕಣ್ರೀ. ನೋವೂ ಇಲ್ಲ. ಏನೂ ಇಲ್ಲ." ಬಿಗಿಯಾಗಿ ಉಟ್ಟಿದ್ದ ಸೀರೆಯ ನೆರಿಗೆ ಸಡಿಲಗೊಂಡು ಕೆಳಗೆ ಜಾರಿತು. ಏಳು ತಿಂಗಳ ಹೊಟ್ಟೆ ಇದ್ದ ಕಡೆ ಹೊಟ್ಟೆ ಇರಲಿಲ್ಲ.

ಮೊಳೆ ಹೊಡೆದ ಬಾಗಿಲ ಹಿಂದೆ ಎಳೆಗೂಸು ಅತ್ತಿತು.

ಆಚಾರಿ ಸುತ್ತಿಗೆ ಎತ್ತಿದ. ಮುದುಕಿ ಅವನ ಕೈ ಹಿಡಿದಳು. "ನೀನು ಹೊಡೆದ ಮೊಳೆ ನಿನ್ ಕೂಸ್ನೂ ಅವಳ ಜತೆ ಒಳಗೆ ಕಟ್ಟಾಕ್ತು. ಕಿತ್ರೆ ಅವಳೂ ಈಚೆಗೆ ಬತ್ತಾಳೆ. ಕೂಸಿನ್ನೂ ದಿನ ತುಂಬಿಲ್ಲ, ಈಚೆ ಗಾಳೀಲಿ ಒಂದು ಗಳ್ಗೆನೂ ಉಳಿಯಾಕಿಲ್ಲ. ಒಳಗಿದ್ರೆ ಅವಳು ಸಾಕ್ತಾಳೆ."

ಒಳಗೆ ತೊಟ್ಟಿಲು ತೂಗುವ ಸದ್ದಾಯಿತು. ಅಳು ನಿಂತಿತು.

ವಠಾರವನ್ನು ಆಚಾರಿ ಕೊಂಡ. ಮುದುಕಿ ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಕೊಂಡ. ಹಿಂದಲ ಮನೆಗೆ ಅಂಟಿದ ಮೂರನೇ ಮನೆಯನ್ನು ಖಾಲಿ ಮಾಡಿಸಿ ಅಲ್ಲಿಗೇ ಸಂಸಾರ ತಂದ. ಬಾಡಿಗೆ ಕಂತಿಗೆ ಸಾಲುವುದಿಲ್ಲ, ಪಾಂಡವಪುರದ ಶೆಡ್ಡಿಗೆ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಪವಿತ್ರ ಮನೆಗೆಲಸ ಮುಗಿಸಿ ನಡುಗೋಡೆಗೆ ಕಿವಿ ಹಚ್ಚಿ ಕೂರುತ್ತಾಳೆ. ಮೊದಮೊದಲು ಅಳು ಕೇಳಿಸುತ್ತಿತ್ತಂತೆ. ಆಮೇಲೆ ನಗು. ಮೊನ್ನೆ ಅವನು ಕೆಲಸದಿಂದ ಬಂದಾಗ ಅವಳು ಗೋಡೆ ಬಿಟ್ಟು ಮೂಲೆಯಲ್ಲಿ ಮುದುರಿ ಕೂತಿದ್ದಳು.

"ಮಾತು ಕಲ್ತವನೆ ಕಣ್ರೀ," ಅಂದಳು. "ಅವಳ್ನ ಅವ್ವಾ ಅಂತಾನೆ."